ಸಿನಿಮಾ, ಮದುವೆ ವಿಡಿಯೋ ಫೈಲ್ ಚಿಕ್ಕದಾಗಬೇಕು, ಚಿತ್ರ ಕೆಡಬಾರದು: ಹೇಗೆ?

ನಮ್ಮ ಚಿಕ್ಕಮ್ಮನ ಮದುವೆ ಆಗಿದ್ದು 2006ರಲ್ಲಿ, ಶಿರಸಿಯಲ್ಲಿ. ವಿಡಿಯೋದವರು ಕೊಟ್ಟ ಮೂರು ಡಿವಿಡಿಗಳು ಪುಣೆಯ ನಮ್ಮ ಮನೆಯಲ್ಲಿ ಟಿವಿ ಕೆಳಗಿನ ಖಾನೆಯಲ್ಲಿ ವರ್ಷಗಟ್ಟಲೆ ಇದ್ದವು. ಹನ್ನೆರಡನೇ ತರಗತಿ ಮುಗಿದ ರಜೆಯಲ್ಲಿ ಅವನ್ನು ಕಂಪ್ಯೂಟರಿಗೆ ಹಾಕಿ, ಒಂದೊಂದನ್ನೂ 700 ಎಂಬಿಯ ಎವಿಐ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ತುಂಬಿಸಿದೆ. ಮುಂದೆ ಮನೆ ಬದಲಿಸುವಾಗ ಡಿಸ್ಕ್‌ಗಳು ರದ್ದಿಗೆ ಹೋದವು. 'ಪೆನ್‌ಡ್ರೈವ್‌ನಲ್ಲಿ ಇದೆಯಲ್ಲ' ಎಂದು ಅಮ್ಮನಿಗೆ ಹೇಳಿದವಳು ನಾನೇ.

ಆಗಿನ ಚಿಕ್ಕ ಮಾನಿಟರ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತ್ತು. ಮೊನ್ನೆ ದೀಪಾವಳಿಗೆ 43 ಇಂಚಿನ ಟಿವಿಗೆ ಹಾಕಿದಾಗ ಗೊತ್ತಾಯಿತು, ಆರತಿ ಎತ್ತುವ ಅಜ್ಜಿಯ ಮುಖದ ಜಾಗದಲ್ಲಿ ಇರುವುದು ಎಂಟು ಹತ್ತು ಚೌಕಗಳು ಅಷ್ಟೇ. ಅಜ್ಜಿ ಈಗಿಲ್ಲ. ಅವರು ಹಾಡುವುದು ಕೇಳುತ್ತದೆ, ಮುಖವನ್ನು ನೆನಪಿನಿಂದ ತುಂಬಿಕೊಳ್ಳಬೇಕು.

ಫೋನ್ ಮೆಮೊರಿ ತುಂಬಿದೆ, ಊರಿಗೆ ಕಳುಹಿಸಬೇಕು, ಟಿವಿಯಲ್ಲಿ ಓಡುತ್ತಿಲ್ಲ ಎಂದು ವಿಡಿಯೋ ಫೈಲ್‌ಗಳನ್ನು ಚಿಕ್ಕದು ಮಾಡುವವರು, ಬೇರೆ ಫಾರ್ಮ್ಯಾಟ್‌ಗೆ ಬದಲಿಸುವವರು ಈಗ ಎಲ್ಲ ಮನೆಯಲ್ಲೂ ಇದ್ದಾರೆ. ಕೆಲಸ ಕಷ್ಟದ್ದಲ್ಲ, ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಆದರೆ ಬಟನ್ ಒತ್ತುವ ಮೊದಲು ಏನಾಗುತ್ತದೆ ಎಂದು ಗೊತ್ತಿರಬೇಕು. ಏಕೆಂದರೆ ಒಮ್ಮೆ ಹೋದ ವಿವರ ಯಾವ ಆ್ಯಪ್‌ನಿಂದಲೂ ವಾಪಸ್ ಬರುವುದಿಲ್ಲ.

ನಿಮ್ಮ ಬಳಿ ಇರುವುದೇ ಹಿಂಡಿದ ಫೈಲ್

ಫುಲ್ ಎಚ್‌ಡಿ ಚಿತ್ರದ ಒಂದು ಫ್ರೇಮ್ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು, ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕಿಯ ಬಣ್ಣಕ್ಕೆ ಮೂರು ಬೈಟ್ ಎಂದು ಹಿಡಿದರೆ ಒಂದು ಫ್ರೇಮ್‌ಗೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಫ್ರೇಮ್ ಎಂದರೆ 155 ಎಂಬಿ. ಒಂದು ಗಂಟೆಗೆ 560 ಜಿಬಿ ಆಯಿತು! ಎರಡು ಪದರದ ಬ್ಲೂ-ರೇ ಡಿಸ್ಕ್‌ನಲ್ಲಿ ಹಿಡಿಯುವುದು 50 ಜಿಬಿ, ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ. ಅಂದರೆ ನಾವು 'ಒರಿಜಿನಲ್' ಎಂದು ಕರೆಯುವ ಫೈಲ್ ಕೂಡ ಆಗಲೇ ಹತ್ತಾರು ಪಟ್ಟು ಹಿಂಡಿದ್ದೇ.

ಇಷ್ಟು ಹಿಂಡಿದರೂ ಕಣ್ಣಿಗೆ ಗೊತ್ತಾಗದಿರಲು ಕಾರಣವಿದೆ. ವಿಡಿಯೋದಲ್ಲಿ ಒಂದು ಫ್ರೇಮ್‌ಗೂ ಮುಂದಿನದ್ದಕ್ಕೂ ವ್ಯತ್ಯಾಸ ಕಡಿಮೆ. ಮದುವೆ ಮಂಟಪವನ್ನೇ ತೆಗೆದುಕೊಳ್ಳಿ. ಹಿಂದಿನ ಹೂವಿನ ಅಲಂಕಾರ ಅಲ್ಲಾಡುವುದಿಲ್ಲ, ಪುರೋಹಿತರ ಕೈ ಮಾತ್ರ ಅಲ್ಲಾಡುತ್ತದೆ. ಎನ್‌ಕೋಡರ್ ಒಂದು ಫ್ರೇಮ್ ಅನ್ನು ಪೂರ್ತಿ ಬರೆದುಕೊಳ್ಳುತ್ತದೆ, ಆಮೇಲಿನ ಹಲವು ಫ್ರೇಮ್‌ಗಳಿಗೆ 'ಅದೇ, ಆದರೆ ಈ ತುಂಡು ಇಷ್ಟು ಆಚೆ ಸರಿದಿದೆ' ಎಂದಷ್ಟೇ ಗುರುತು ಹಾಕುತ್ತದೆ. ಬೆಳಕಿಗಿಂತ ಬಣ್ಣದ ಸೂಕ್ಷ್ಮ ವ್ಯತ್ಯಾಸ ನಮ್ಮ ಕಣ್ಣಿಗೆ ಕಡಿಮೆ ಕಾಣುವುದರಿಂದ ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತದೆ. ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ಸಣ್ಣ ಸಣ್ಣ ವಿವರಗಳನ್ನು ಅಳಿಸುತ್ತದೆ. ನಾವು ಗುಣಮಟ್ಟ ಕೆಟ್ಟಿತು ಎನ್ನುವುದು ಈ ಕೊನೆಯ ಹಂತದಲ್ಲಿ.

ಎನ್‌ಕೋಡರ್‌ಗೆ ಅತಿ ಕಷ್ಟದ ದೃಶ್ಯ ಯಾವುದು ಗೊತ್ತೇ? ಅಕ್ಷತೆ. ನೂರಾರು ಜನ ಒಟ್ಟಿಗೆ ಎಸೆಯುವ ಸಾವಿರಾರು ಕಾಳು ಒಂದೊಂದೂ ಒಂದೊಂದು ದಿಕ್ಕಿಗೆ, ಮೇಲೆ ಕ್ಯಾಮೆರಾ ಫ್ಲಾಶ್ ಬೇರೆ. ಹಿಂದಿನ ಫ್ರೇಮ್‌ನಿಂದ ಎತ್ತಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಹೋಮದ ಹೊಗೆ, ಮುಂಬೈ ಮಳೆ, ಮಿನುಗುವ ಸೀರಿಯಲ್ ಲೈಟ್, ಯಕ್ಷಗಾನದಲ್ಲಿ ಜರಿ ವೇಷ ಧಿಗಿಣ ಹಾಕುವುದು, ಇವೂ ಹಾಗೆಯೇ. ಅದಕ್ಕೇ ಮಾತುಕತೆಯ ದೃಶ್ಯ ಚೆನ್ನಾಗಿದ್ದ ಫೈಲ್‌ನಲ್ಲಿ ಮಾಂಗಲ್ಯಧಾರಣೆ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕವಾಗುತ್ತದೆ.

ಡಬ್ಬಿ ಬೇರೆ, ಒಳಗಿನ ಪದಾರ್ಥ ಬೇರೆ

ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಡಬ್ಬಿಗಳು. ಇದಕ್ಕೆ ಕಂಟೇನರ್ ಎನ್ನುತ್ತಾರೆ. ಒಳಗೆ ಚಿತ್ರ, ಧ್ವನಿ, ಸಬ್‌ಟೈಟಲ್ ಬೇರೆ ಬೇರೆಯಾಗಿ ಇರುತ್ತವೆ. ಚಿತ್ರವನ್ನು ಹಿಂಡಿದ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಡಿವಿಡಿಯಲ್ಲಿ ಇರುವುದು ಎಂಪೆಗ್-2. ಈಗ ಎಲ್ಲೆಡೆ ಇರುವ ಎಚ್.264 ಬಂದಿದ್ದು 2003ರಲ್ಲಿ, ಎಚ್‌ಇವಿಸಿ ಎಂದೂ ಕರೆಸಿಕೊಳ್ಳುವ ಎಚ್.265 ಬಂದಿದ್ದು 2013ರಲ್ಲಿ, ಎವಿ1 ಬಂದಿದ್ದು 2018ರಲ್ಲಿ.

ಈ ವ್ಯತ್ಯಾಸ ಗೊತ್ತಿಲ್ಲದೆ ಆಗುವ ನಷ್ಟ ದೊಡ್ಡದು. 'ಟಿವಿಯಲ್ಲಿ ಎಂಕೆವಿ ಓಡುತ್ತಿಲ್ಲ, ಎಂಪಿ4 ಮಾಡಬೇಕು' ಎಂದು ಕನ್ವರ್ಟರ್‌ಗೆ ಹಾಕುತ್ತೇವೆ. ಅದು ಎರಡು ಗಂಟೆ ಓಡಿ, ಒಳಗಿನದ್ದನ್ನೆಲ್ಲ ಬಿಚ್ಚಿ ಮತ್ತೆ ಹಿಂಡಿ ಕೊಡುತ್ತದೆ. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ. ಒಳಗಿರುವುದು ಎಚ್.264 ಚಿತ್ರ, ಎಎಸಿ ಧ್ವನಿಯೇ ಆಗಿದ್ದರೆ ಡಬ್ಬಿ ಬದಲಿಸಿದರೆ ಸಾಕು. ಇದಕ್ಕೆ ರೀಮಕ್ಸ್ ಎನ್ನುತ್ತಾರೆ. ಸ್ಟೀಲ್ ಡಬ್ಬಿಯ ಚಿತ್ರಾನ್ನವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ ಹಾಗೆ, ರುಚಿ ಬದಲಾಗುವುದಿಲ್ಲ. ಇಡೀ ಸಿನಿಮಾಕ್ಕೆ ಒಂದೆರಡು ನಿಮಿಷ ಸಾಕು, ಗುಣಮಟ್ಟ ಒಂದು ಬಿಟ್‌ನಷ್ಟೂ ಕಡಿಮೆಯಾಗುವುದಿಲ್ಲ. ಫೈಲ್ ಗಾತ್ರವೂ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಲಾಸ್‌ಲೆಸ್‌ಕಟ್, ಅವಿಡೆಮಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ಗಳು ಈ ಕೆಲಸ ಮಾಡುತ್ತವೆ. ಅವಿಡೆಮಕ್ಸ್‌ನಲ್ಲಿ ವಿಡಿಯೋ, ಆಡಿಯೋ ಎರಡಕ್ಕೂ 'ಕಾಪಿ' ಎಂದೇ ಇರಲಿ. ಕಮಾಂಡ್ ಟೈಪ್ ಮಾಡಲು ಅಂಜದವರಿಗೆ ಎಫ್‌ಎಫ್‌ಎಂಪೆಗ್ ಇದೆ. ಇಂದಿನ ಎಷ್ಟೋ ಕನ್ವರ್ಟರ್‌ಗಳ ಒಳಗೆ ದುಡಿಯುವುದು ಅದೇ.

ಹಾಗೆಂದು ಫೈಲ್ ಹೆಸರಿನ ಕೊನೆಯಲ್ಲಿ ಎಂಕೆವಿ ಅಳಿಸಿ ಎಂಪಿ4 ಎಂದು ಬರೆಯುವುದು ರೀಮಕ್ಸ್ ಅಲ್ಲ. ಅದು ಡಬ್ಬಿಯ ಮೇಲಿನ ಚೀಟಿ ಬದಲಿಸಿದಂತೆ ಅಷ್ಟೇ.

ಒಳಗೆ ಏನಿದೆ ಎಂದು ನೋಡುವುದು ಸುಲಭ. ವಿಎಲ್‌ಸಿ ಪ್ಲೇಯರ್‌ನಲ್ಲಿ ಫೈಲ್ ತೆರೆದು ಟೂಲ್ಸ್ ಮೆನುವಿನಲ್ಲಿ 'ಕೋಡೆಕ್ ಇನ್ಫರ್ಮೇಷನ್' ಒತ್ತಿ. ಇನ್ನೂ ವಿವರ ಬೇಕಿದ್ದರೆ ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ.

ಇನ್ನೊಂದು ಸಾಮಾನ್ಯ ತೊಂದರೆ. 4 ಜಿಬಿಗಿಂತ ದೊಡ್ಡ ಸಿನಿಮಾ ಪೆನ್‌ಡ್ರೈವ್‌ಗೆ ಕಾಪಿ ಆಗುವುದಿಲ್ಲ, ಜಾಗ ಖಾಲಿ ಇದ್ದರೂ! ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ, ಅದು 4 ಜಿಬಿ ಮೀರಿದ ಒಂಟಿ ಫೈಲ್ ತೆಗೆದುಕೊಳ್ಳುವುದಿಲ್ಲ. ಇದಕ್ಕಾಗಿ ಸಿನಿಮಾ ಹಿಂಡುವವರನ್ನು ನೋಡಿದ್ದೇನೆ. ಒಳಗಿರುವುದನ್ನು ಬೇರೆಡೆ ತೆಗೆದಿಟ್ಟು ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಮುಗಿಯಿತು. ಹಳೆಯ ಕೆಲವು ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ, ಮೊದಲು ಒಂದು ಚಿಕ್ಕ ಫೈಲ್ ಹಾಕಿ ನೋಡಿ.

ನಿಜವಾಗಿಯೂ ಹಿಂಡಲೇಬೇಕಾದಾಗ

ಫೈಲ್ ಗಾತ್ರ ತೀರ್ಮಾನವಾಗುವುದು ಬಿಟ್‌ರೇಟ್‌ನಿಂದ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಬಿಟ್ ಖರ್ಚು ಮಾಡುತ್ತೀರಿ ಎಂಬುದರಿಂದ. ಲೆಕ್ಕ ಬಾಯಲ್ಲೇ ಹಾಕಬಹುದು: ಬಿಟ್‌ರೇಟ್ ಅನ್ನು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿ. ಎರಡೂವರೆ ಗಂಟೆ ಸಿನಿಮಾ ಅಂದರೆ 9000 ಸೆಕೆಂಡ್. ಸೆಕೆಂಡಿಗೆ 5 ಮೆಗಾಬಿಟ್ ಕೊಟ್ಟರೆ 5.6 ಜಿಬಿ, 2 ಮೆಗಾಬಿಟ್ ಕೊಟ್ಟರೆ 2.25 ಜಿಬಿ. ರೆಸಲ್ಯೂಷನ್ ಎಷ್ಟೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. '4ಕೆ ಸಿನಿಮಾ, ಕೇವಲ 1 ಜಿಬಿ' ಎಂದು ಯಾರಾದರೂ ಹೇಳಿದರೆ ಅದರಲ್ಲಿ ಚುಕ್ಕಿಗಳು 4ಕೆಯಷ್ಟು ಇರಬಹುದು, ವಿವರ ಇರುವುದಿಲ್ಲ.

ನನ್ನ ಎವಿಐ ಫೈಲ್‌ಗಳಿಗೆ ಆದದ್ದನ್ನು ಈ ಲೆಕ್ಕದಲ್ಲೇ ನೋಡಿ. ಒಂದು ಡಿವಿಡಿಯಲ್ಲಿ ಎರಡು ಗಂಟೆ, 4.3 ಜಿಬಿ ಇತ್ತು ಎನ್ನೋಣ. ಸೆಕೆಂಡಿಗೆ ಸುಮಾರು 4.8 ಮೆಗಾಬಿಟ್ ಆಯಿತು. ನಾನು ಮಾಡಿದ 700 ಎಂಬಿ ಫೈಲ್‌ನಲ್ಲಿ, ಧ್ವನಿಯೂ ಸೇರಿ, 0.78 ಮೆಗಾಬಿಟ್. ಆರನೇ ಒಂದು ಭಾಗ! 700 ಎಂಬಿಯೇ ಏಕೆ ಎಂದರೆ ಒಂದು ಸಿಡಿಯಲ್ಲಿ ಹಿಡಿಯುವುದು ಅಷ್ಟು. ನನ್ನ ಬಳಿ ಸಿಡಿ ಇರಲೇ ಇಲ್ಲ, 16 ಜಿಬಿ ಪೆನ್‌ಡ್ರೈವ್ ಇತ್ತು. ಇಂಟರ್‌ನೆಟ್‌ನಲ್ಲಿ ಎಲ್ಲರೂ 700 ಎಂದಿದ್ದರು, ನಾನೂ 700 ಎಂದೆ.

ಹಾಗಾಗಿ ಗಾತ್ರವನ್ನು ಮೊದಲೇ ನಿಗದಿ ಮಾಡುವ ಬದಲು ಗುಣಮಟ್ಟವನ್ನು ನಿಗದಿ ಮಾಡಿ, ಗಾತ್ರ ಎಷ್ಟಾಗುತ್ತದೋ ಆಗಲಿ ಎಂದು ಬಿಡುವುದು ಒಳ್ಳೆಯದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಅದರಲ್ಲಿ ವಿಡಿಯೋ ಟ್ಯಾಬ್ ತೆರೆದರೆ 'ಕಾನ್‌ಸ್ಟಂಟ್ ಕ್ವಾಲಿಟಿ' ಎಂಬ ಆಯ್ಕೆ, ಪಕ್ಕದಲ್ಲಿ ಆರ್‌ಎಫ್ ಎಂಬ ಸಂಖ್ಯೆ ಕಾಣುತ್ತದೆ. ಇದು ಉಲ್ಟಾ ಸಂಖ್ಯೆ. ಕಡಿಮೆ ಮಾಡಿದಷ್ಟೂ ಚಿತ್ರ ಚೆನ್ನಾಗಿರುತ್ತದೆ, ಫೈಲ್ ದೊಡ್ಡದಾಗುತ್ತದೆ. ಡಿವಿಡಿ ಮಟ್ಟದ ವಿಡಿಯೋಗೆ 18ರಿಂದ 22, ಫುಲ್ ಎಚ್‌ಡಿಗೆ 20ರಿಂದ 24, 4ಕೆಗೆ 22ರಿಂದ 28 ಎಂದು ಹ್ಯಾಂಡ್‌ಬ್ರೇಕ್‌ನವರೇ ಸಲಹೆ ಕೊಡುತ್ತಾರೆ. ಸಂಖ್ಯೆ ಆರರಷ್ಟು ಏರಿದರೆ ಗಾತ್ರ ಅಂದಾಜು ಅರ್ಧವಾಗುತ್ತದೆ. ಹೀಗೆ ಮಾಡಿದಾಗ ಪುರೋಹಿತರ ಮಂತ್ರದ ಹೊತ್ತಿಗೆ ಬಿಟ್ ಉಳಿಸಿ, ಅಕ್ಷತೆ ಹೊತ್ತಿಗೆ ಧಾರಾಳವಾಗಿ ಕೊಡುವುದು ಎನ್‌ಕೋಡರ್‌ನ ಜವಾಬ್ದಾರಿ.

ಅಲ್ಲೇ ಕೆಳಗೆ 'ಪ್ರಿಸೆಟ್' ಎಂಬ ಸ್ಲೈಡರ್ ಇದೆ, ಫಾಸ್ಟ್‌ನಿಂದ ಸ್ಲೋವರೆಗೆ. ಸ್ಲೋ ಎಂದರೆ ಎನ್‌ಕೋಡರ್ ಹೆಚ್ಚು ಹುಡುಕಾಡಿ ಜಾಗ ಉಳಿಸುತ್ತದೆ. ರಾತ್ರಿ ಹಚ್ಚಿಟ್ಟು ಮಲಗುವುದಾದರೆ ಸ್ಲೋ ಇಡಿ. ಗ್ರಾಫಿಕ್ಸ್ ಕಾರ್ಡ್ ಬಳಸುವ ಎನ್‌ವಿಎನ್‌ಸಿ, ಕ್ವಿಕ್ ಸಿಂಕ್ ಆಯ್ಕೆಗಳು ಬಹಳ ಬೇಗ ಮುಗಿಸುತ್ತವೆ, ಆದರೆ ಅದೇ ಗಾತ್ರದ ಫೈಲ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಗುಣಮಟ್ಟ ಕೊಡುತ್ತವೆ.

ಕೋಡೆಕ್ ಯಾವುದು ಆರಿಸಬೇಕು? ಊರಿನ ಹಳೆಯ ಟಿವಿಯಲ್ಲಿ, ಅತ್ತೆಯ ಫೋನ್‌ನಲ್ಲಿ, ಕಚೇರಿ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಕಡೆ ಓಡಬೇಕು ಎಂದರೆ ಎಚ್.264. ಜಾಗ ಉಳಿಸುವುದು ಮುಖ್ಯ, ನೋಡುವ ಸಾಧನ ಹೊಸದು ಎಂದರೆ ಎಚ್.265. ಅದೇ ಗುಣಮಟ್ಟಕ್ಕೆ ಎಚ್.265 ತೆಗೆದುಕೊಳ್ಳುವ ಜಾಗ ಗಣನೀಯವಾಗಿ ಕಡಿಮೆ, 4ಕೆಯಲ್ಲಂತೂ ಸರಿಸುಮಾರು ಅರ್ಧದ ಹತ್ತಿರ. ಐಫೋನ್ 2017ರ ಐಒಎಸ್ 11ರಿಂದಲೇ ಇದನ್ನು ಬಳಸುತ್ತಿದೆ. ಈ ಮಾದರಿಯಲ್ಲಿ ಒಂದು ನಿಮಿಷದ ಫುಲ್ ಎಚ್‌ಡಿಗೆ ಸುಮಾರು 60 ಎಂಬಿ, 4ಕೆಗೆ ಸುಮಾರು 170 ಎಂಬಿ ಎಂದು ಅದರ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಬರೆದಿರುತ್ತದೆ. ಎವಿ1 ಇನ್ನೂ ದಕ್ಷ, ಆದರೆ ಓಡಿಸುವ ಸಾಧನಗಳು ಎಲ್ಲರ ಮನೆಯಲ್ಲೂ ಇಲ್ಲ.

ಧ್ವನಿಯನ್ನು ಹಿಂಡಿ ಉಳಿಸುವುದು ಅಲ್ಪ. ಎರಡು ಗಂಟೆಗೆ 160 ಕಿಲೋಬಿಟ್ ಎಎಸಿ ಧ್ವನಿ ಅಂದರೆ 144 ಎಂಬಿ ಅಷ್ಟೇ. ಅದನ್ನು 64ಕ್ಕೆ ಇಳಿಸಿ ನಾದಸ್ವರ ಕಿರುಚುವಂತೆ ಮಾಡಬೇಡಿ. ಸಾಧ್ಯವಿದ್ದರೆ ಧ್ವನಿಯನ್ನು ಇದ್ದ ಹಾಗೇ 'ಪಾಸ್‌ಥ್ರೂ' ಮಾಡಿ.

ಇಡೀ ಸಿನಿಮಾ ಹಚ್ಚುವ ಮೊದಲು ಒಂದು ನಿಮಿಷದ ತುಂಡನ್ನು ಮಾತ್ರ ಎನ್‌ಕೋಡ್ ಮಾಡಿ ನೋಡಿ. ಹ್ಯಾಂಡ್‌ಬ್ರೇಕ್‌ನಲ್ಲಿ 'ರೇಂಜ್' ಜಾಗದಲ್ಲಿ ಎಷ್ಟನೇ ಸೆಕೆಂಡಿನಿಂದ ಎಷ್ಟರವರೆಗೆ ಎಂದು ಕೊಡಬಹುದು. ತುಂಡನ್ನು ಆರಿಸುವುದರಲ್ಲಿ ಜಾಣತನ ಬೇಕು. ಟೈಟಲ್ ಕಾರ್ಡ್ ಬೇಡ, ಅಕ್ಷತೆಯ ನಿಮಿಷ ಇರಲಿ, ಇಲ್ಲವೇ ಕತ್ತಲೆಯ ದೃಶ್ಯ. ನೋಡುವುದು ಫೋನ್‌ನಲ್ಲಿ ಬೇಡ, ಮನೆಯ ಅತಿ ದೊಡ್ಡ ಪರದೆಯಲ್ಲಿ.

ಹಳೆಯ ಡಿವಿಡಿ ಇದ್ದವರಿಗೆ

ನಮ್ಮಲ್ಲಿನ ಮದುವೆ ಡಿವಿಡಿಗಳು ಸಾಮಾನ್ಯವಾಗಿ 720ಕ್ಕೆ 576 ಚುಕ್ಕಿಗಳ ಪಾಲ್ ಮಾದರಿಯವು. ಕ್ಯಾಮೆರಾದವರು ಹಳೆಯ ಟಿವಿಗೆ ಹೊಂದುವಂತೆ ಪ್ರತಿ ಫ್ರೇಮ್ ಅನ್ನು ಬೆಸ ಗೆರೆ, ಸಮ ಗೆರೆ ಎಂದು ಎರಡು ಭಾಗವಾಗಿ, ಸೆಕೆಂಡಿಗೆ 50 ಸಲ ತೆಗೆದಿರುತ್ತಾರೆ. ಇದೇ ಇಂಟರ್‌ಲೇಸಿಂಗ್. ಹಾಗೇ ಹಿಂಡಿದರೆ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತವೆ, ಅವನ್ನು ಬರೆಯಲು ಬಿಟ್‌ಗಳೂ ವ್ಯರ್ಥ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಟ್ಯಾಬ್‌ನಲ್ಲಿ ಡೀಇಂಟರ್‌ಲೇಸ್ ಹಾಕಿ, ಅದರಲ್ಲಿ 'ಬಾಬ್' ಆರಿಸಿ ಫ್ರೇಮ್ ರೇಟ್ 50ಕ್ಕೆ ಇಟ್ಟರೆ ಚಲನೆ ಮೊದಲಿನಷ್ಟೇ ನಯವಾಗಿ ಉಳಿಯುತ್ತದೆ. ಮದುವೆಮನೆಯ ಜನರೆಲ್ಲ ದಪ್ಪಗಾಗಿ ಕಂಡರೆ ಚಿತ್ರದ ಅನುಪಾತ ತಪ್ಪಿದೆ ಎಂದರ್ಥ, ಅದನ್ನು 4:3 ಮಾಡಿ.

576 ಗೆರೆಯನ್ನು 1080 ಮಾಡಬೇಡಿ. ಇಲ್ಲದ ವಿವರ ಸೃಷ್ಟಿಯಾಗುವುದಿಲ್ಲ, ಫೈಲ್ ಮಾತ್ರ ಊದುತ್ತದೆ. ಹಿಗ್ಗಿಸುವ ಕೆಲಸವನ್ನು ಟಿವಿ ತಾನೇ ಮಾಡುತ್ತದೆ. ಎಐ ಆ್ಯಪ್‌ಗಳು ಮುಖವನ್ನು ಚೊಕ್ಕ ಮಾಡಿಕೊಡುತ್ತವೆ, ನಿಜ. ಅಜ್ಜಿಯ ತುಣುಕನ್ನು ನಾನೂ ಒಂದಕ್ಕೆ ಹಾಕಿ ನೋಡಿದೆ. ಚೊಕ್ಕದಾದ ಮುಖವೇ ಬಂತು, ಅದು ಬೇರೆ ಯಾರದೋ ಅಜ್ಜಿ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳಿಗೆ ಬೀಗ ಇರುತ್ತದೆ. ಹ್ಯಾಂಡ್‌ಬ್ರೇಕ್ ಅದನ್ನು ತೆರೆಯುವುದಿಲ್ಲ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದು 2012ರಲ್ಲಿ ತಿದ್ದುಪಡಿಯಾದ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಡಿ ಶಿಕ್ಷಾರ್ಹ ಎಂಬುದು ನೆನಪಿರಲಿ.

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಒರಿಜಿನಲ್ ಅಲ್ಲ

ಗ್ಯಾಲರಿಯಿಂದ ಆರಿಸಿ ಕಳುಹಿಸಿದ ವಿಡಿಯೋವನ್ನು ವಾಟ್ಸ್‌ಆ್ಯಪ್ ತನ್ನದೇ ಲೆಕ್ಕದಲ್ಲಿ ಮತ್ತೆ ಹಿಂಡುತ್ತದೆ. ಎಚ್‌ಡಿ ಆಯ್ಕೆ ಒತ್ತಿದರೂ ಹಿಂಡುವುದು ತಪ್ಪುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಅದನ್ನು ಡೌನ್‌ಲೋಡ್ ಮಾಡಿ, ಎಡಿಟ್ ಮಾಡಿ, ಮತ್ತೆ ಗ್ರೂಪ್‌ಗೆ ಹಾಕಿದರೆ ಇನ್ನೊಂದು ಸುತ್ತು. ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ. ಇದ್ದ ಹಾಗೇ ತಲುಪಬೇಕು ಎಂದರೆ ಅಟ್ಯಾಚ್ ಚಿಹ್ನೆ ಒತ್ತಿ 'ಡಾಕ್ಯುಮೆಂಟ್' ಮೂಲಕ ಕಳುಹಿಸಿ. 2022ರಿಂದ 2 ಜಿಬಿವರೆಗಿನ ಫೈಲ್ ಹೀಗೆ ಹೋಗುತ್ತದೆ. ಅದಕ್ಕೂ ದೊಡ್ಡದಾದರೆ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ.

ಆನ್‌ಲೈನ್ ಕನ್ವರ್ಟರ್ ಜಾಲತಾಣಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮನೆಯ ಹೆಂಗಸರು, ಮಕ್ಕಳು ಇರುವ ವಿಡಿಯೋವನ್ನು ಗುರುತು ಪರಿಚಯ ಇಲ್ಲದ ಸರ್ವರ್‌ಗೆ ಕಳುಹಿಸುವ ಅಗತ್ಯವೇನು? ಮೇಲಾಗಿ ಎಷ್ಟು ಹಿಂಡಬೇಕು ಎಂಬ ನಿರ್ಧಾರವನ್ನೂ ಎಷ್ಟೋ ಕಡೆ ಅವರೇ ಮಾಡಿಬಿಡುತ್ತಾರೆ.

ಹೊಸ ಫೋನ್‌ಗಳ ಎಚ್‌ಡಿಆರ್ ವಿಡಿಯೋವನ್ನು ಹಿಂಡುವಾಗಲೂ ಎಚ್ಚರ ಬೇಕು. ಸಾಮಾನ್ಯ 8 ಬಿಟ್ ಆಯ್ಕೆಯಲ್ಲಿ ಹಿಂಡಿದರೆ ರೇಷ್ಮೆ ಸೀರೆಯ ಕೆಂಪು ಪೇಲವವಾಗಿ ಬರಬಹುದು. ಎಚ್.265 10 ಬಿಟ್ ಆರಿಸಿ.

ಉಳಿಸುವ ಫೈಲ್ ಒಂದು, ಹಂಚುವ ಫೈಲ್ ಇನ್ನೊಂದು

ನಾನು ಮಾಡಿದ ನಿಜವಾದ ತಪ್ಪು 700 ಎಂಬಿ ಮಾಡಿದ್ದಲ್ಲ, ಡಿಸ್ಕ್ ಬಿಸಾಡಿದ್ದು. ಹಿಂಡಿದ ಫೈಲ್ ಹಂಚಲು, ನೋಡಲು. ಕ್ಯಾಮೆರಾದಿಂದ ಅಥವಾ ಡಿಸ್ಕ್‌ನಿಂದ ಬಂದ ಮೂಲ ಬೇರೆಯೇ ಇರಬೇಕು, ಅದೂ ಎರಡು ಕಡೆ: ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಊರಿನ ಮನೆಯಲ್ಲೋ ಕ್ಲೌಡ್‌ನಲ್ಲೋ. ಮೂರು ಡಿವಿಡಿ ಸೇರಿದರೆ 13 ಜಿಬಿ, ಇವತ್ತಿನ ಒಂದು ಟಿಬಿ ಡಿಸ್ಕ್‌ನಲ್ಲಿ ಅದು ಮೂಲೆಯಷ್ಟೂ ಅಲ್ಲ. ಬರೆಯುವ ಡಿವಿಡಿಗಳಲ್ಲಿ ದತ್ತಾಂಶ ನಿಂತಿರುವುದು ರಾಸಾಯನಿಕ ಬಣ್ಣದ ಪದರದಲ್ಲಿ. ಬಿಸಿಲು, ತೇವಕ್ಕೆ ಅದು ಕೆಡುತ್ತದೆ. ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ಈ ವಾರವೇ ಕಾಪಿ ಮಾಡಿ, ಹಿಂಡುವುದನ್ನು ಆಮೇಲೆ ಯೋಚಿಸಿ.

ನಮಗೆ ಒಂದು ಅದೃಷ್ಟ ಇತ್ತು. ಚಿಕ್ಕಪ್ಪನ ಮನೆಯವರ ಬಳಿ ಇನ್ನೊಂದು ಜೊತೆ ಡಿಸ್ಕ್ ಇತ್ತು, ಶಿರಸಿಯಿಂದ ಪುಣೆಗೆ ಬರುವ ಬಸ್ಸಿನಲ್ಲಿ ಕಳುಹಿಸಿಕೊಟ್ಟರು. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲ, ಯುಎಸ್‌ಬಿಗೆ ಹಾಕುವ ಡಿವಿಡಿ ಡ್ರೈವ್ ಸಹೋದ್ಯೋಗಿಯಿಂದ ಕೇಳಿ ತಂದೆ. ಮೊದಲು ಮೂರನ್ನೂ ಇದ್ದ ಹಾಗೇ ಐಎಸ್‌ಒ ಫೈಲ್ ಮಾಡಲು ಹೊರಟೆ. ಎರಡು ಪೂರ್ತಿ ಬಂದವು. ಅವುಗಳಿಂದ ಎಚ್.264, ಆರ್‌ಎಫ್ 18, ಪ್ರಿಸೆಟ್ ಸ್ಲೋ ಇಟ್ಟು ಮಾಡಿದ ಪ್ರತಿಗಳು ಈಗ ಚಿಕ್ಕಮ್ಮನ ಪೆನ್‌ಡ್ರೈವ್‌ನಲ್ಲಿವೆ, ಒಂದೊಂದೂ 2 ಜಿಬಿಗಿಂತ ಕಡಿಮೆ. ಸಪ್ತಪದಿ, ಅಕ್ಷತೆ, ಊಟದ ಪಂಕ್ತಿ ಎಲ್ಲ ಚೊಕ್ಕವಾಗಿದೆ. ಆರತಿ ಇರುವುದು ಮೂರನೇ ಡಿಸ್ಕ್‌ನಲ್ಲಿ. ಅದರ ಅಂಚಿನಲ್ಲಿ ಗೀರು ಬಿದ್ದಿದೆ, 71 ನಿಮಿಷದವರೆಗೆ ಓದಿ ನಿಲ್ಲುತ್ತದೆ. ಒಂದೊಂದು ಡ್ರೈವ್ ಒಂದೊಂದು ರೀತಿ ಓದುವುದರಿಂದ ಈ ಶನಿವಾರ ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡುವುದಿದೆ.